ಕ್ಯಾಲ್ಕುಲಸ್ ಕಲಿಯಬೇಕು, ಭಿನ್ನರಾಶಿಗೆ ವಾಪಸ್ ಹೋಗಲೇಬೇಕಾ?

ಪ್ರಶ್ನೆ: ನನಗೆ 43 ವರ್ಷ. ಶಾಲೆ ಬಿಟ್ಟ ಮೇಲೆ ಗಣಿತ ಮುಟ್ಟಿಲ್ಲ. ಈಗ ಆಸೆಯಿಂದ ಕ್ಯಾಲ್ಕುಲಸ್ ಶುರು ಮಾಡಿದೆ. 1/ಎಕ್ಸ್‌ನ ಡೆರಿವೇಟಿವ್, ಅಂದರೆ ಎಕ್ಸ್ ಬದಲಾದಂತೆ ಅದು ಬದಲಾಗುವ ದರ, ಕಂಡುಹಿಡಿಯುವ ಕಡೆ ನಿಂತುಹೋಗಿದ್ದೇನೆ. ಪುಸ್ತಕದವರು ಒಂದು ಸಾಲಿನಿಂದ ಇನ್ನೊಂದಕ್ಕೆ ಹೇಗೆ ಹೋದರು ಅಂತಲೇ ತಿಳಿಯುವುದಿಲ್ಲ. ಐದನೇ ತರಗತಿಯ ಲೆಕ್ಕದಿಂದ ಶುರು ಮಾಡಿ ಅನ್ನುತ್ತಾರೆ. ಈ ವಯಸ್ಸಲ್ಲಿ ಅಷ್ಟು ಹಿಂದೆ ಹೋಗಬೇಕಾ ಮೇಡಂ?

ಉತ್ತರ: ಹೋಗಿ. ಆದರೆ ಎಲ್ಲವನ್ನೂ ಮೊದಲಿಂದ ಓದಬೇಕಿಲ್ಲ. ನೀವು ನಿಂತ ಸಾಲನ್ನೇ ನೋಡೋಣ. ಅಲ್ಲಿರುವುದು 1/(ಎಕ್ಸ್ + ಎಚ್) − 1/ಎಕ್ಸ್. ಎಚ್ ಅಂದರೆ ಎಕ್ಸ್‌ಗೆ ಸೇರಿಸುವ ಪುಟ್ಟ ಹೆಚ್ಚಳ. ಮುಂದಿನ ಸಾಲಲ್ಲಿ ಅದು −ಎಚ್/[ಎಕ್ಸ್(ಎಕ್ಸ್ + ಎಚ್)] ಆಗಿರುತ್ತದೆ. ಇದರಲ್ಲಿ ಕ್ಯಾಲ್ಕುಲಸ್ ಒಂಚೂರೂ ಇಲ್ಲ. ಎರಡು ಭಿನ್ನರಾಶಿಗಳ ಛೇದ ಒಂದೇ ಮಾಡಿ ಕಳೆದಿದ್ದಾರೆ, ಆಮೇಲೆ ಆವರಣ ಬಿಡಿಸಿದ್ದಾರೆ. ಎಕ್ಸ್ ಜಾಗದಲ್ಲಿ 2, ಎಚ್ ಜಾಗದಲ್ಲಿ 1 ಇಟ್ಟು ನೋಡಿ. 1/3 − 1/2 ಆಗುತ್ತದೆ. ಉತ್ತರ −1/6. ಇನ್ನು 5 ಮತ್ತು 2 ಇಟ್ಟರೆ 1/7 − 1/5, ಅಂದರೆ −2/35. ಹೀಗೆ ಅಂಕಿಗಳಲ್ಲಿ ಮಾಡುತ್ತಾ ಹೋದರೆ ಅಕ್ಷರಗಳ ಭಯ ಹೋಗುತ್ತದೆ.

ನಾನು ದೊಡ್ಡವರಿಗೇ ಲೆಕ್ಕ ಹೇಳಿಕೊಡುವವಳು. ಕ್ಯಾಲ್ಕುಲಸ್ ಕಷ್ಟ ಅಂತ ಬರುವವರ ಜೊತೆ ಕೂತು ನೋಡಿದರೆ, ತೊಡಕು ಇರುವುದು ಹೆಚ್ಚಾಗಿ ಭಿನ್ನರಾಶಿಯಲ್ಲಿ, ಇಲ್ಲವೇ ಆವರಣದ ಮುಂದಿನ ಮೈನಸ್‌ನಲ್ಲಿ. 5 − (ಎಕ್ಸ್ − 3) ಕೊಟ್ಟರೆ 2 − ಎಕ್ಸ್ ಅಂತ ಬರೆಯುತ್ತಾರೆ. ಸರಿ ಉತ್ತರ 8 − ಎಕ್ಸ್. ಇವರು ದಡ್ಡರಲ್ಲ. ಶಾಲೆಯಲ್ಲಿ ಆ ಪಾಠ ಅರ್ಧ ತಲೆಗೆ ಹೋಗುವಷ್ಟರಲ್ಲಿ ಮುಂದಿನ ಪಾಠ ಬಂದಿತ್ತು, ಅಷ್ಟೆ. ಮೈನಸ್ ವಿಷಯದಲ್ಲಂತೂ ಯಾರೂ ನಾಚಿಕೊಳ್ಳಬೇಕಿಲ್ಲ. ನಮ್ಮ ದೇಶದ ಗಣಿತಜ್ಞ ಬ್ರಹ್ಮಗುಪ್ತ 628ರಲ್ಲೇ ಋಣ ಸಂಖ್ಯೆಗಳ ನಿಯಮ ಬರೆದಿಟ್ಟಿದ್ದ. ಸಾವಿರ ವರ್ಷ ಕಳೆದ ಮೇಲೂ ಯುರೋಪಿನ ಕೆಲವು ಗಣಿತಜ್ಞರು ಅವನ್ನು ಸಂಖ್ಯೆ ಅಂತ ಒಪ್ಪಲು ಹಿಂದೇಟು ಹಾಕುತ್ತಿದ್ದರು.

ಒಂದು ಪಾಠ ನಿಜಕ್ಕೂ ಬಂತಾ ಅಂತ ತಿಳಿಯಲು ಉತ್ತರ ಸರಿ ಬಂದರೆ ಸಾಲದು. ಯಾಕೆ ಹಾಗೆ ಅಂತ ನಿಮ್ಮ ಮಾತಲ್ಲಿ ಹೇಳಬರಬೇಕು. 1/2 + 1/3 ಯಾಕೆ 2/5 ಅಲ್ಲ? 2/5 ಅರ್ಧಕ್ಕಿಂತ ಕಡಿಮೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಅದು ಕಡಿಮೆ ಆಗಲು ಸಾಧ್ಯವಾ? 3ನ್ನು 1/2ರಿಂದ ಭಾಗಿಸಿದರೆ 6 ಯಾಕೆ? ಮೂರರೊಳಗೆ ಆರು ಅರ್ಧಗಳಿವೆ. ಸುಮ್ನೆ ತಿರುಗಿಸಿ ಗುಣಿಸುವುದನ್ನು ಕಲಿತವರು ಇದನ್ನು ಹೇಳಲು ತಡವರಿಸುತ್ತಾರೆ. ನೀವು ಹೇಳಿ ನೋಡಿ. ಒಂದು ವಾರ ಬಿಟ್ಟು, ಪುಸ್ತಕ ಮುಚ್ಚಿ, ಮತ್ತೆ ಹೇಳಿ.

ಮಗ್ಗಿಯೂ ಬೇಕು. ಏಳೆಂಟಲೆ ಎಷ್ಟು ಅಂತ ಯೋಚಿಸುತ್ತಾ ನಿಂತರೆ, ಬಿಡಿಸುತ್ತಿದ್ದ ಸಮೀಕರಣದ ಎಳೆ ಕೈತಪ್ಪುತ್ತದೆ.

ಇದಾದ ಮೇಲೆ ಸಿಕ್ಕಿಕೊಂಡ ಸಾಲನ್ನು ಪುಸ್ತಕ ನೋಡದೆ ಬರೆಯಿರಿ. ಬಂದರೆ ಎಕ್ಸ್ ಸ್ಕ್ವೇರ್‌ಗೆ ಹೋಗಿ. ಅಲ್ಲಿ (ಎಕ್ಸ್ + ಎಚ್)² ಬಿಡಿಸಬೇಕು. ಸೂತ್ರ ಬಾಯಿಪಾಠ ಮಾಡಬೇಡಿ. ಎಕ್ಸ್ + ಎಚ್ ಉದ್ದದ ಚೌಕ ಬರೆದು ನಾಲ್ಕು ಭಾಗ ಮಾಡಿ. ಒಂದು ದೊಡ್ಡ ಚೌಕ, ಒಂದು ಪುಟ್ಟ ಚೌಕ, ಜೊತೆಗೆ ಎಕ್ಸ್ ಉದ್ದ, ಎಚ್ ಅಗಲದ ಎರಡು ಪಟ್ಟಿಗಳು ಸಿಗುತ್ತವೆ. ಎಕ್ಸ್ ಸ್ಕ್ವೇರ್‌ನ ಡೆರಿವೇಟಿವ್ 2ಎಕ್ಸ್ ಆಗುವುದು ಆ ಎರಡು ಪಟ್ಟಿಗಳಿಂದಲೇ.