ವಾಂತಿ ಇಲ್ಲ ಅಂತ ಮಾತ್ರೆ ನಿಲ್ಲಿಸಬೇಡಿ

ಪ್ರಶ್ನೆ: ಅಮ್ಮನಿಗೆ ಸಿಸ್‌ಪ್ಲಾಟಿನ್ ಅನ್ನುವ ಕ್ಯಾನ್ಸರ್ ಔಷಧಿಯ ಕೀಮೋ ಆಯಿತು. ಆ ದಿನ ಆರಾಮಾಗಿದ್ದರು. ವಾಂತಿ ಇಲ್ಲವಲ್ಲ ಅಂತ ಮನೆಗೆ ಕೊಟ್ಟ ಮಾತ್ರೆ ಕೊಡಲಿಲ್ಲ. ಈಗ ಮೂರನೇ ದಿನ, ನೀರು ಕುಡಿದರೂ ವಾಂತಿ. ಅದರಲ್ಲಿ ಒಲಾಂಜಪಿನ್ ಅನ್ನುವುದು ಮಾನಸಿಕ ಕಾಯಿಲೆಯ ಮಾತ್ರೆಯಂತೆ. ತಪ್ಪಿ ಬರೆದಿದ್ದಾರಾ?

ಉತ್ತರ: ಮೊದಲು ಅಮ್ಮನನ್ನು ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಡ್ರಿಪ್ ಬೇಕಾಗಬಹುದು. ಸಿಸ್‌ಪ್ಲಾಟಿನ್ ಆದವರ ಮೈಯಲ್ಲಿ ನೀರು ಕಡಿಮೆಯಾದರೆ ಕಿಡ್ನಿಗೇ ಪೆಟ್ಟು.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಆ ಮಾತ್ರೆಗಳು ಇರುವುದೇ ವಾಂತಿ ಬರದ ಹಾಗೆ ತಡೆಯುವುದಕ್ಕೆ. ಬಂದ ಮೇಲೆ ನಿಲ್ಲಿಸುವುದು ಬಹಳ ಕಷ್ಟ. ಮೊದಲ ದಿನದ ವಾಂತಿಗೆ ಮುಖ್ಯ ಕಾರಣ ಕರುಳಿನಲ್ಲಿ ಬಿಡುಗಡೆಯಾಗುವ ಸೆರೊಟೋನಿನ್ ಅನ್ನುವ ರಾಸಾಯನಿಕ, ಅದನ್ನು ಆಸ್ಪತ್ರೆಯಲ್ಲಿ ಹಾಕಿದ ಇಂಜೆಕ್ಷನ್ ತಡೆದಿದೆ, ಅದಕ್ಕೇ ಅಮ್ಮ ಆರಾಮಾಗಿದ್ದರು. ಎರಡು-ಮೂರನೇ ದಿನ ಬರುವ ವಾಂತಿಯ ದಾರಿ ಬೇರೆ. ಅಲ್ಲಿ ಮಿದುಳಿನ ಸಬ್‌ಸ್ಟೆನ್ಸ್ ಪಿ ಅನ್ನುವ ಇನ್ನೊಂದು ರಾಸಾಯನಿಕ ಕೆಲಸ ಮಾಡುತ್ತದೆ. ಅದನ್ನು ತಡೆಯಲು ಅಪ್ರೆಪಿಟೆಂಟ್ ಅನ್ನುವ ಮಾತ್ರೆ ಬೇಕು: ಮೊದಲ ದಿನ ಕೀಮೋಗೆ ಒಂದು ಗಂಟೆ ಮುಂಚೆ 125 ಮಿಲಿಗ್ರಾಂ, ಆಮೇಲೆ ಎರಡು ದಿನ 80. ಜೊತೆಗೆ ನಾಲ್ಕನೇ ದಿನದವರೆಗೆ ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್. ಶುಗರ್ ಇದ್ದರೆ ಈ ಸ್ಟೀರಾಯ್ಡ್‌ನಿಂದ ಶುಗರ್ ಜಾಸ್ತಿಯಾಗುತ್ತದೆ, ಡಾಕ್ಟರಿಗೆ ಮೊದಲೇ ಹೇಳಿ.

ಒಲಾಂಜಪಿನ್ ತಪ್ಪಿ ಬರೆದದ್ದಲ್ಲ. ಮಾನಸಿಕ ಕಾಯಿಲೆಗೂ ಕೊಡುತ್ತಾರೆ, ನಿಜ. ಆದರೆ ವಾಂತಿ ನಿಂತ ಮೇಲೂ ಕಾಡುವ ಹೊಟ್ಟೆ ತೊಳೆಸುವಿಕೆಗೆ ಇದರಷ್ಟು ಚೆನ್ನಾಗಿ ಕೆಲಸ ಮಾಡುವ ಮಾತ್ರೆ ಕಡಿಮೆ. ನಾಲ್ಕು ರಾತ್ರಿ ತಗೊಂಡರೆ ಯಾರಿಗೂ ಚಟ ಹತ್ತುವುದಿಲ್ಲ. ಮಂಪರು ಬರುತ್ತದೆ, ಅದಕ್ಕೇ ರಾತ್ರಿ. ಮುಂಬೈನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯವರು 10 ಮಿಲಿಗ್ರಾಂ ಬದಲು 2.5 ಕೊಟ್ಟು ನೋಡಿದರು, ವಾಂತಿ ತಡೆಯುವುದರಲ್ಲಿ ಅದೇನೂ ಹಿಂದೆ ಬೀಳಲಿಲ್ಲ, ಮಂಪರು ಕಡಿಮೆ. ಅಮ್ಮ ತುಂಬಾ ತೂಕಡಿಸಿದರೆ ಡೋಸ್ ಇಳಿಸಲು ಕೇಳಿ. ಸುಮ್ನೆ ಎತ್ತಿಡಬೇಡಿ.

ಮುಂದಿನ ಕೀಮೋಗೆ ಮುಂಚೆ ಈ ಸಲ ಆದದ್ದನ್ನೆಲ್ಲ ಹೇಳಿ, ಮಾತ್ರೆ ಕೊಡದೇ ಇದ್ದದ್ದನ್ನೂ ಮುಚ್ಚಿಡದೆ. ಮೊದಲ ಸಲವೇ ಹೀಗೆ ನರಳಿದವರಲ್ಲಿ ಕೆಲವರಿಗೆ ಆಮೇಲೆ ಆಸ್ಪತ್ರೆಯ ವಾಸನೆಗೇ ವಾಂತಿ ಬರುತ್ತದೆ. ಅದನ್ನು ನೋಡುವುದು ನನಗೆ ತುಂಬಾ ಸಂಕಟ.

ಪ್ರಶ್ನೆ: ವಾಂತಿಯಾದರೆ ಕೀಮೋ ಚೆನ್ನಾಗಿ ಹತ್ತುತ್ತಿದೆ ಅಂತ ಅರ್ಥವೇ?

ಉತ್ತರ: ಇಲ್ಲ. ಎರಡಕ್ಕೂ ಸಂಬಂಧವೇ ಇಲ್ಲ.

ಪ್ರಶ್ನೆ: ಶುಂಠಿ ಸಾಕಲ್ವಾ?

ಉತ್ತರ: ಇಷ್ಟವಿದ್ದರೆ ಚೂರು ಚಪ್ಪರಿಸಲಿ. ಮಾತ್ರೆಯ ಬದಲಿಗಲ್ಲ.

ಪ್ರಶ್ನೆ: ಊರಲ್ಲಿ ಒಬ್ಬರು ವಾಂತಿಗೆ ಪುಡಿ ಕೊಡುತ್ತಾರೆ.

ಉತ್ತರ: ಒಳಗೇನಿದೆ ಅಂತ ಹೇಳದ ಪುಡಿಯನ್ನು ಕೀಮೋ ನಡೆಯುವಾಗ ಕೊಡಲೇಬೇಡಿ. ಕೊಟ್ಟಾಗಿದ್ದರೆ ಬೈಯುತ್ತಾರೆ ಅಂತ ಹೆದರಬೇಡಿ, ಆ ಪೊಟ್ಟಣವನ್ನೇ ಡಾಕ್ಟರ ಮುಂದೆ ಇಡಿ.