ಟ್ಯೂಬ್ ಆಂಪ್‌ಗೆ ಒಗ್ಗುವ ಹೆಡ್‌ಫೋನ್ ಯಾವುದು?

ಪ್ರಶ್ನೆ: ನನ್ನ ಹತ್ತಿರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ, ಅಂದರೆ ಓಟಿಎಲ್ ಮಾದರಿಯ ಟ್ಯೂಬ್ ಆಂಪ್ (ಗಾಜಿನ ವಾಲ್ವ್‌ಗಳ ಆಂಪ್ಲಿಫೈಯರ್) ಇದೆ. ಒಳಗೆ ಒಂದು 12ಎಯು7 ಟ್ಯೂಬ್, ಒಂದು 6080 ಟ್ಯೂಬ್. ಔಟ್‌ಪುಟ್ ಇಂಪೆಡೆನ್ಸ್ 120 ಓಮ್ ಅಂತ ಕೈಪಿಡಿಯಲ್ಲಿದೆ. ಒಂದೇ ಒಂದು ಒಳ್ಳೆಯ ಹೆಡ್‌ಫೋನ್ ತಗೊಂಡು ಸುಮ್ಮನಾಗೋಣ ಅಂದುಕೊಂಡಿದ್ದೇನೆ. ಸೆನ್‌ಹೈಸರ್ ಎಚ್‌ಡಿ 800 ಎಸ್, ಫೋಕಲ್ ಯುಟೋಪಿಯಾ, ಹೈಫೈಮ್ಯಾನ್ ಸುಸ್ವಾರ, ಈ ಮೂರರಲ್ಲಿ ಯಾವುದು? ಹೆಚ್ಚಾಗಿ ಕೇಳುವುದು ಪಿಯಾನೋ, ಡಬಲ್ ಬೇಸ್, ಹಾಡುಗಾರಿಕೆ.

ಉತ್ತರ: ಎಚ್‌ಡಿ 800 ಎಸ್. ಇದರಲ್ಲಿ ಎರಡು ಮಾತಿಲ್ಲ. ಮೂರೂ ಒಳ್ಳೆಯ ಹೆಡ್‌ಫೋನ್‌ಗಳೇ. ನಿಮ್ಮ ಆಂಪ್‌ಗೆ ಒಗ್ಗುವುದು ಮಾತ್ರ ಒಂದೇ.

ನೀವೇ ಬರೆದಿರುವ ಆ 120 ಓಮ್ ಇದೆಯಲ್ಲ, ತೀರ್ಮಾನ ಆಗುವುದೇ ಅಲ್ಲಿ. ಓಮ್ ಅಂದರೆ ಕರೆಂಟ್‌ಗೆ ಬರುವ ತಡೆಯ, ಅಂದರೆ ಇಂಪೆಡೆನ್ಸ್‌ನ ಅಳತೆ. ಆಂಪ್‌ನ ಒಳಗಿನ ಓಮ್ ಮತ್ತು ಹೆಡ್‌ಫೋನ್‌ನ ಓಮ್ ಒಂದರ ಹಿಂದೆ ಒಂದು ಸೇರಿಕೊಂಡಿರುತ್ತವೆ. ವೋಲ್ಟೇಜ್ ಎರಡಕ್ಕೂ ಹಂಚಿಹೋಗುತ್ತದೆ. ಹೆಡ್‌ಫೋನ್‌ನ ಓಮ್ ಜಾಸ್ತಿ ಇದ್ದಷ್ಟೂ ಅದಕ್ಕೆ ಸಿಗುವ ಪಾಲು ಜಾಸ್ತಿ. ತೊಡಕು ಏನು ಅಂದರೆ, ಡೈನಾಮಿಕ್ (ಸುರುಳಿ ತಂತಿಯ, ಮಾಮೂಲಿ ಬಗೆಯ) ಹೆಡ್‌ಫೋನ್‌ನ ಓಮ್ ಎಲ್ಲ ಸ್ವರಗಳಿಗೂ ಒಂದೇ ಇರುವುದಿಲ್ಲ. 800 ಎಸ್ ಪೆಟ್ಟಿಗೆಯ ಮೇಲೆ 300 ಓಮ್ ಅಂತ ಇದ್ದರೂ, 100 ಹರ್ಟ್ಸ್ ಆಸುಪಾಸಿನಲ್ಲಿ ಅದು 600 ದಾಟುತ್ತದೆ. ಡಯಾಫ್ರಾಮ್, ಅಂದರೆ ದನಿ ಹೊರಡಿಸುವ ತೆಳು ಪರದೆ, ತನ್ನಷ್ಟಕ್ಕೆ ತಾನೇ ಕಂಪಿಸಲು ಇಷ್ಟಪಡುವ ಜಾಗ ಅದು.

ಈಗ ಲೆಕ್ಕ ಹಾಕಿ. 300 ಓಮ್ ಇರುವ ಕಡೆ ಹೆಡ್‌ಫೋನ್‌ಗೆ ಸಿಗುವುದು 420ರಲ್ಲಿ 300 ಪಾಲು. 600 ಇರುವ ಕಡೆ 720ರಲ್ಲಿ 600 ಪಾಲು. ಡೆಸಿಬೆಲ್‌ಗೆ ತಂದರೆ ವ್ಯತ್ಯಾಸ ಸುಮಾರು 1.3. ಅಂದರೆ ಕೆಳಗಿನ ಸ್ವರಗಳು ಒಂದು ಚೂರು ತುಂಬಿಕೊಳ್ಳುತ್ತವೆ. ಈ ಹೆಡ್‌ಫೋನ್‌ಗೆ ಬೇಕಾಗಿದ್ದೂ ಅದೇ. 2009ರಲ್ಲಿ ಬಂದ ಮೂಲ ಎಚ್‌ಡಿ 800ರಲ್ಲಿ 6 ಕಿಲೋಹರ್ಟ್ಸ್ ಹತ್ತಿರ ದನಿ ಚೂಪಾಗಿತ್ತು. ಹಾಡುವವರ ‘ಸ’, ‘ಶ’ ಕಿವಿಗೆ ಚುಚ್ಚುತ್ತಿದ್ದವು. 2016ರ 800 ಎಸ್‌ನಲ್ಲಿ ಆ ಕಂಪನವನ್ನು ಹೀರಿಕೊಳ್ಳುವ ಏರ್ಪಾಡು ಸೇರಿಸಿ ಅದನ್ನು ತಗ್ಗಿಸಿದರು. ಟ್ಯೂಬ್ ಆಂಪ್ ಹಾಕಿದರೆ ಉಳಿದ ಚೂಪೂ ಮಾಯವಾಗುತ್ತದೆ ಅನ್ನುವವರಿದ್ದಾರೆ. ಮಾಯವಾಗುವುದಿಲ್ಲ. ಕೆಳಗೆ ದನಿ ತುಂಬಿಕೊಂಡಾಗ ಗಮನ ಅತ್ತ ಹೋಗುವುದು ಕಡಿಮೆಯಾಗುತ್ತದೆ. ಅಷ್ಟಾದರೂ ದೊಡ್ಡದೇ, ಗಂಟೆಗಟ್ಟಲೆ ಕೇಳುವವರಿಗೆ ಅದರ ಬೆಲೆ ಗೊತ್ತು.

ನೀವು ಡಬಲ್ ಬೇಸ್ ಅಂದಿದ್ದು ನನಗೆ ಖುಷಿಯಾಯಿತು. ಯಾವ ಹೊಸ ಜೋಡಿ ಕೈಗೆ ಬಂದರೂ ನಾನು ಮೊದಲು ಹಾಕುವುದು ಡಬಲ್ ಬೇಸ್ ಒಂಟಿಯಾಗಿ ನುಡಿಯುವ ಭಾಗ. ಬೆರಳು ತಂತಿಯನ್ನು ಎಳೆದು ಬಿಡುವ ‘ಟಕ್’ ಮೊದಲು. ಅದರ ಬೆನ್ನಿಗೇ ಮರದ ಒಡಲಿನ ‘ಗುಂ’. ಆಮೇಲೆ ಆ ‘ಗುಂ’ ಮೆಲ್ಲಗೆ ಆರುವುದು. ಮೂರೂ ಬೇರೆ ಬೇರೆಯಾಗಿ ಕೇಳಿಸಬೇಕು. ಓಟಿಎಲ್ ಆಂಪ್‌ಗೆ 300 ಓಮ್‌ನದ್ದು ಹಾಕಿದಾಗ ಕೇಳಿಸುತ್ತವೆ. ಅದೇ ಆಂಪ್‌ಗೆ 32 ಓಮ್‌ನದ್ದು ಚುಚ್ಚಿ ನೋಡಿ. ಒಂದು ಸ್ವರದ ಬಾಲ ಮುಂದಿನ ಸ್ವರದ ತಲೆಯ ಮೇಲೆ ಬೀಳುತ್ತದೆ. ಕಂಪಿಸುತ್ತಿರುವ ಡಯಾಫ್ರಾಮನ್ನು ಹಿಡಿದು ನಿಲ್ಲಿಸಲು ಆಂಪ್‌ಗೆ ಆಗುವುದಿಲ್ಲ, ಅದಕ್ಕೆ. ಇದನ್ನೇ ‘ಟ್ಯೂಬ್‌ನ ಬೆಚ್ಚನೆಯ ದನಿ’ ಅಂತ ಹೊಗಳುವುದನ್ನು ಕೇಳಿದ್ದೇನೆ. ಜೋಡಿ ತಪ್ಪಿದ ದನಿ ಅದು. ಟ್ಯೂಬನ್ನು ಪ್ರೀತಿಸುವವನಾಗಿ ಇದನ್ನು ಹೇಳಲೇಬೇಕು.

ಯುಟೋಪಿಯಾ ಯಾಕೆ ಬೇಡ? ಅದು 80 ಓಮ್. ನಿಮ್ಮ ಆಂಪ್‌ನಲ್ಲಿ ಅದಕ್ಕೆ ಸಿಗುವುದು 200ರಲ್ಲಿ 80 ಪಾಲು. ಬೇಸ್ ಕಡೆ ಅದರ ಓಮ್ ಮೂರು ಪಟ್ಟಾಯಿತು ಅಂತಲೇ ಇಟ್ಟುಕೊಳ್ಳಿ. ಅಲ್ಲಿ ದನಿ 4 ಡೆಸಿಬೆಲ್‌ಗೂ ಜಾಸ್ತಿ ಏರುತ್ತದೆ. ಅಷ್ಟು ಜತನದಿಂದ ಹದ ಮಾಡಿದ ಹೆಡ್‌ಫೋನ್‌ನ ಹದವನ್ನು ನಾವೇ ಕೆಡಿಸಿದಂತೆ. ಔಟ್‌ಪುಟ್ ಇಂಪೆಡೆನ್ಸ್ ಹತ್ತು ಓಮ್‌ನೊಳಗೆ ಇರುವ ಆಂಪ್ ಸಿಕ್ಕರೆ ಯುಟೋಪಿಯಾ ಬೇರೆಯೇ ಹಾಡುತ್ತದೆ.

ಸುಸ್ವಾರದ ಕಥೆ ಇನ್ನೊಂದು ಥರ. ಅದು ಪ್ಲೇನರ್, ಅಂದರೆ ಚಪ್ಪಟೆ ಪರದೆಯ ಮೇಲೇ ತಂತಿ ಹರಡಿರುವ ಬಗೆ. ಎಲ್ಲ ಸ್ವರಗಳಿಗೂ ಅದರ ಓಮ್ ಹೆಚ್ಚುಕಡಿಮೆ ಒಂದೇ. ಹಾಗಾಗಿ ಸ್ವರಗಳ ಹದ ಕೆಡುವುದಿಲ್ಲ. ಆದರೆ ಅದರ ಹೊಟ್ಟೆ ದೊಡ್ಡದು. ಕಂಪನಿಯೇ ಕೊಟ್ಟಿರುವ ಅಂಕಿ 60 ಓಮ್, 83 ಡೆಸಿಬೆಲ್. ಒಂದು ಮಿಲಿವ್ಯಾಟ್‌ಗೆ ಬರುವ ಜೋರು ಅದು ಅಂತ ಲೆಕ್ಕ ಹಿಡಿಯೋಣ. ಸಂಗೀತದ ಏರು ಜಾಗಗಳಲ್ಲಿ 110 ಡೆಸಿಬೆಲ್ ಮುಟ್ಟಬೇಕಾದರೆ ಅದಕ್ಕೆ ಅರ್ಧ ವ್ಯಾಟ್ ಬೇಕು, ಅಂದರೆ ಸುಮಾರು 90 ಮಿಲಿಆಂಪಿಯರ್ ಕರೆಂಟ್. 800 ಎಸ್‌ಗೆ ಅಷ್ಟೇ ಜೋರಿಗೆ ಸುಮಾರು 21 ಮಿಲಿವ್ಯಾಟ್, 8 ಮಿಲಿಆಂಪಿಯರ್ ಸಾಕು. ಒಂದೇ 6080 ಇರುವ ನಿಮ್ಮ ಆಂಪ್ ಎರಡನೆಯದನ್ನು ಉಸಿರು ಬಿಗಿಹಿಡಿಯದೆ ಕೊಡುತ್ತದೆ. ಮೊದಲನೆಯದು ಅದರ ಕೈಲಾಗದು. ಪಿಯಾನೋ ಜೋರಾಗಿ ಬಿದ್ದ ಕೂಡಲೇ ದನಿ ಒಡೆಯುತ್ತದೆ.

800 ಎಸ್ ಕೈಗೆಟುಕದಿದ್ದರೆ ಬೇಸರ ಬೇಡ. ಅದೇ ಕಂಪನಿಯ ಎಚ್‌ಡಿ 600, ಎಚ್‌ಡಿ 650 ಎರಡೂ 300 ಓಮ್‌ನವೇ. ಓಟಿಎಲ್‌ನಲ್ಲಿ ಎಚ್‌ಡಿ 650 ಹಾಡುವವರ ದನಿಯನ್ನು ಎಷ್ಟು ಹತ್ತಿರಕ್ಕೆ ತರುತ್ತದೆ ಅಂದರೆ, ರಾತ್ರಿ ನಾನು ಈಗಲೂ ಎತ್ತಿಕೊಳ್ಳುವುದು ಅದನ್ನೇ. ಬೇಯರ್‌ಡೈನಾಮಿಕ್ ಕಡೆಗೆ ಹೋಗುವುದಾದರೆ ಒಂದು ಎಚ್ಚರ. ಅವರ ಟಿ1 ಮೊದಲ ಎರಡು ತಲೆಮಾರು 600 ಓಮ್, ಓಟಿಎಲ್‌ಗೆ ಹೇಳಿ ಮಾಡಿಸಿದಂಥದ್ದು. 2020ರಲ್ಲಿ ಬಂದ ಮೂರನೆಯದು 32 ಓಮ್. ಹೆಸರು ಅದೇ, ನಿಮಗೆ ಉಪಯೋಗವಿಲ್ಲ. ಡಿಟಿ 880ಯಂತೂ 32, 250, 600 ಹೀಗೆ ಮೂರು ಓಮ್‌ಗಳಲ್ಲಿ ಬಂದಿದೆ. ಹೆಸರು ನೋಡಿ ತಗೋಬೇಡಿ, ಓಮ್ ನೋಡಿ ತಗೊಳ್ಳಿ.

ಪ್ರಶ್ನೆ: ನನ್ನ ಟ್ಯೂಬ್ ಆಂಪ್‌ಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇದೆ. ‘ಲೋ’, ‘ಹೈ’ ಅಂತ ಸ್ವಿಚ್ಚೂ ಇದೆ. ಆಡೀಜಿ ಎಲ್‌ಸಿಡಿ-ಎಕ್ಸ್ ಹಾಕಬಹುದಾ? ಸ್ವಿಚ್ ಎಲ್ಲಿರಬೇಕು?

ಉತ್ತರ: ಧಾರಾಳವಾಗಿ ಹಾಕಿ. ಎಲ್‌ಸಿಡಿ-ಎಕ್ಸ್ 20 ಓಮ್, ಸ್ವಿಚ್ ‘ಲೋ’ ಕಡೆಗಿರಲಿ. ಟ್ಯೂಬ್ ಕೊಡುವುದು ಜಾಸ್ತಿ ವೋಲ್ಟೇಜ್, ಕಡಿಮೆ ಕರೆಂಟ್. ಟ್ರಾನ್ಸ್‌ಫಾರ್ಮರ್ ಅದನ್ನು ಅದಲು ಬದಲು ಮಾಡಿ ಕಡಿಮೆ ಓಮ್‌ನ ಹೆಡ್‌ಫೋನ್‌ಗೆ ಬೇಕಾದ ಕರೆಂಟ್ ಒದಗಿಸುತ್ತದೆ. ‘ಹೈ’ಗೆ ಹಾಕಿದರೆ ದನಿ ಜೋರಾಗಿ ಕೇಳಬಹುದು, ಜೋರಾದದ್ದೇ ಚೆನ್ನಾಗಿದೆ ಅಂತಲೂ ಅನಿಸಬಹುದು. ಹೋಲಿಸುವಾಗ ಎರಡರ ವಾಲ್ಯೂಮ್ ಸಮ ಮಾಡಿಕೊಂಡು ಕೇಳಿ. ಇನ್ನೊಂದು ಮಾತು, ಈ ಹೆಡ್‌ಫೋನ್ 600 ಗ್ರಾಂಗೂ ಜಾಸ್ತಿ ತೂಗುತ್ತದೆ. ಕೊಳ್ಳುವ ಮುಂಚೆ ಒಂದು ಗಂಟೆ ತಲೆ ಮೇಲೆ ಇಟ್ಟುಕೊಂಡು ನೋಡಿ. ಐದು ನಿಮಿಷದಲ್ಲಿ ಕತ್ತಿಗೆ ಏನೂ ಗೊತ್ತಾಗುವುದಿಲ್ಲ.

ಪ್ರಶ್ನೆ: ಹೊಸ ಹೆಡ್‌ಫೋನ್ ಬದಲು ಹಳೇ ಕಾಲದ ಒಳ್ಳೆ ಟ್ಯೂಬ್ ಹಾಕಿದ್ರೆ ಸಾಕು ಅಂತ ಗೆಳೆಯರು ಹೇಳುತ್ತಾರೆ. ನಿಜವಾ?

ಉತ್ತರ: ಇಲ್ಲ. ದನಿಯನ್ನು ಎಲ್ಲಕ್ಕಿಂತ ಜಾಸ್ತಿ ಬದಲಿಸುವುದು ಹೆಡ್‌ಫೋನ್. ಆಮೇಲೆ ಅದರ ಕಿವಿ ಪ್ಯಾಡ್. ಸವೆದು ಚಪ್ಪಟೆಯಾದ ಪ್ಯಾಡನ್ನು ಬದಲಾಯಿಸಿದರೆ ಹೆಡ್‌ಫೋನೇ ಹೊಸದಾದಂತೆ ಅನಿಸುತ್ತದೆ. ಟ್ಯೂಬ್‌ನ ಸರದಿ ಅದಾದ ಮೇಲೆ. ಬದಲಿಸುವ ಆಸೆ ಇದ್ದರೆ ನಂಬರ್ ಸರಿಯಾಗಿ ನೋಡಿ. 12ಎಯು7 ಮತ್ತು ಇಸಿಸಿ82 ಒಂದೇ, ಹೆಸರಷ್ಟೇ ಬೇರೆ. 12ಎಎಕ್ಸ್7 ಅದೇ ಸಾಕೆಟ್‌ನಲ್ಲಿ ಕೂರುತ್ತದೆ, ಆದರೆ ಅದರ ವರ್ಧನೆ ಸುಮಾರು ಐದು ಪಟ್ಟು ಜಾಸ್ತಿ, ಬೇಕಾದ ಬಯಾಸೂ (ಮೊದಲೇ ಕೊಟ್ಟಿಡುವ ಸ್ಥಿರ ವೋಲ್ಟೇಜ್) ಬೇರೆ. ಕೂರುತ್ತದೆ ಅಂತ ಹಾಕಬೇಡಿ. ಟ್ಯೂಬ್ ತೆಗೆಯುವ ಮುಂಚೆ ಆಂಪ್ ಆರಿಸಿ, ಪ್ಲಗ್ ಕಿತ್ತು, ಪೂರ್ತಿ ತಣ್ಣಗಾಗಲು ಬಿಡಿ. 6080 ಕೈ ಸುಡುವಷ್ಟು ಕಾಯುತ್ತದೆ. ಒಳಗಿನ ಕೆಪಾಸಿಟರ್‌ಗಳಲ್ಲಿ ಪ್ಲಗ್ ಕಿತ್ತ ಮೇಲೂ ಅಪಾಯದ ವೋಲ್ಟೇಜ್ ಉಳಿದಿರುತ್ತದೆ. ತಳ ಬಿಚ್ಚುವ ಕೆಲಸ ಗೊತ್ತಿದ್ದವರಿಗೇ ಬಿಡಿ.

ಪ್ರಶ್ನೆ: ಸ್ಟ್ಯಾಕ್ಸ್ ಎಲೆಕ್ಟ್ರೋಸ್ಟಾಟಿಕ್ ಹೆಡ್‌ಫೋನನ್ನು ನನ್ನ ಓಟಿಎಲ್ ಆಂಪ್‌ಗೆ ಹಾಕಬಹುದೇ?

ಉತ್ತರ: ಆಗುವುದಿಲ್ಲ. ಅದು ಪರದೆಯನ್ನು ಸ್ಥಾಯಿ ವಿದ್ಯುತ್ತಿನಿಂದ ಅಲುಗಿಸುವ ಬಗೆ. ಅದಕ್ಕೆ 580 ವೋಲ್ಟ್ ಬಯಾಸ್ ಬೇಕು, ಪಿನ್ನುಗಳೇ ಬೇರೆ. ಟ್ಯೂಬೇ ಬೇಕು ಅಂದರೆ ಸ್ಟ್ಯಾಕ್ಸ್‌ಗೆಂದೇ ಮಾಡಿದ ಟ್ಯೂಬ್ ಆಂಪ್‌ಗಳಿವೆ.

ಪ್ರಶ್ನೆ: ಆಂಪ್ ಆನ್ ಮಾಡುವಾಗ ಹೆಡ್‌ಫೋನ್‌ನಲ್ಲಿ ‘ಧಡ್’ ಅನ್ನುತ್ತದೆ. ಹೆಡ್‌ಫೋನ್ ಹಾಳಾಗುತ್ತಾ?

ಉತ್ತರ: ಓಟಿಎಲ್ ಆಂಪ್ ಇರಬೇಕು, ಅಲ್ವಾ? ಟ್ಯೂಬ್ ಕಾಯ್ದು ಕೆಲಸ ಶುರು ಮಾಡುವಾಗ ಔಟ್‌ಪುಟ್‌ನ ದೊಡ್ಡ ಕೆಪಾಸಿಟರ್ ತುಂಬಿಕೊಳ್ಳುತ್ತದೆ. ಆ ಕರೆಂಟ್ ಹೆಡ್‌ಫೋನ್ ಮೂಲಕ ಹಾಯುವ ಸದ್ದು ಅದು. ದುಬಾರಿ ಹೆಡ್‌ಫೋನ್‌ಗೆ ದಿನಾ ಈ ಪೆಟ್ಟು ಬೇಡ. ಕೈಪಿಡಿ ಬೇರೆ ಥರ ಹೇಳದಿದ್ದರೆ, ಆಂಪ್ ಆನ್ ಮಾಡಿ, ಕೆಲವು ನಿಮಿಷ ಕಾಯ್ದು, ವಾಲ್ಯೂಮ್ ಸೊನ್ನೆಗೆ ಇಳಿಸಿ, ಆಮೇಲೆ ಜ್ಯಾಕ್ ಚುಚ್ಚಿ. ಜ್ಯಾಕ್ ಒಳಗೆ ಹೋಗುವಾಗ ಅದರ ಸಂಪರ್ಕಗಳು ಕ್ಷಣ ಹೊತ್ತು ಒಂದಕ್ಕೊಂದು ತಾಗುತ್ತವೆ, ವಾಲ್ಯೂಮ್ ಇಳಿಸುವುದು ಅದಕ್ಕೇ. ಆರಿಸುವಾಗ ಮೊದಲು ಜ್ಯಾಕ್ ತೆಗೆಯಿರಿ, ಆಮೇಲೆ ಸ್ವಿಚ್. ಇಷ್ಟು ಮಾಡಿದರೂ ಜ್ಯಾಕ್ ಚುಚ್ಚುವಾಗ ಜೋರಾಗಿ ಸದ್ದು ಬಂದರೆ ಆಂಪ್‌ನಲ್ಲೇ ಏನೋ ದೋಷವಿದೆ. ರಿಪೇರಿ ಮಾಡುವವರಿಗೆ ತೋರಿಸುವ ತನಕ ಆ ಹೆಡ್‌ಫೋನ್ ಹಾಕಬೇಡಿ.