ಗ್ಯಾಸ್ಕೆಟ್ ಇದ್ದಲ್ಲೆಲ್ಲ ಸೀಲಂಟ್ ಬೇಕೇ?

ಪ್ರಶ್ನೆ: ನನ್ನ ಬಳಿ 2004ರ ಮಾರುತಿ 800 ಇದೆ. ಎಂಜಿನ್ನಿನ ತಲೆಯನ್ನು ಮುಚ್ಚುವ ಟ್ಯಾಪೆಟ್ ಕವರ್‌ನಿಂದ ಆಯಿಲ್ ಸೋರುತ್ತಿದ್ದುದರಿಂದ ಮೆಕ್ಯಾನಿಕ್ ಹೊಸ ರಬ್ಬರ್ ಗ್ಯಾಸ್ಕೆಟ್ (ಎರಡು ಭಾಗಗಳ ನಡುವೆ ಸೋರಿಕೆ ತಡೆಯುವ ಪಟ್ಟಿ) ಹಾಕಿ, ಅದರ ಎರಡೂ ಬದಿಗೆ ಸಿಲಿಕೋನ್ ಸೀಲಂಟನ್ನು (ಸಂದು ಮುಚ್ಚುವ ಅಂಟು) ಧಾರಾಳವಾಗಿ ಹಚ್ಚಿದರು. ಮೂರೇ ತಿಂಗಳಲ್ಲಿ ಮತ್ತೆ ಸೋರಿಕೆ ಶುರುವಾಗಿದೆ. ಈಗ ಹೆಡ್ (ಎಂಜಿನ್ನಿನ ಮೇಲ್ಭಾಗ) ಮತ್ತು ಬ್ಲಾಕ್ (ಸಿಲಿಂಡರುಗಳಿರುವ ಭಾಗ) ನಡುವಿನ ಹೆಡ್ ಗ್ಯಾಸ್ಕೆಟ್ ಕೂಡ ಬದಲಿಸಬೇಕಾಗಿದ್ದು, ಭದ್ರತೆಗಾಗಿ ಅದಕ್ಕೂ ಸೀಲಂಟ್ ಹಚ್ಚುವುದಾಗಿ ಹೇಳುತ್ತಿದ್ದಾರೆ. ಒಪ್ಪಬಹುದೇ?
– ಓದುಗರೊಬ್ಬರು, ಅರಸೀಕೆರೆ

ಉತ್ತರ: ದಯವಿಟ್ಟು ಒಪ್ಪಬೇಡಿ. ಹೆಡ್ ಗ್ಯಾಸ್ಕೆಟ್ ಏಕಕಾಲಕ್ಕೆ ಮೂರು ಕೆಲಸ ಮಾಡುತ್ತದೆ: ಸಿಲಿಂಡರಿನೊಳಗೆ ಉರಿಯುವ ಅನಿಲದ ಒತ್ತಡವನ್ನು ತಡೆಯುತ್ತದೆ, ಮೇಲಕ್ಕೆ ಹೋಗುವ ಆಯಿಲ್ ಬೇರೆಡೆಗೆ ನುಗ್ಗದಂತೆ ಕಾಯುತ್ತದೆ, ಕೂಲಂಟ್ ಆಯಿಲಿಗೆ ಬೆರೆಯದಂತೆ ನೋಡಿಕೊಳ್ಳುತ್ತದೆ. ಬೋಲ್ಟುಗಳನ್ನು ಬಿಗಿದಾಗ ಅದು ಎಷ್ಟು ಅದುಮಿಕೊಳ್ಳಬೇಕೆಂಬ ಲೆಕ್ಕದ ಮೇಲೆಯೇ ಅದನ್ನು ತಯಾರಿಸಿರುತ್ತಾರೆ. ಅದರ ಮೇಲೆ ಮೆತ್ತನೆಯ ಸಿಲಿಕೋನ್ ಪದರ ಬಂದರೆ ಆ ಲೆಕ್ಕವೇ ತಪ್ಪಿ, ಒತ್ತಡ ಒಂದೆಡೆ ಹೆಚ್ಚು, ಇನ್ನೊಂದೆಡೆ ಕಡಿಮೆ ಬೀಳುತ್ತದೆ. ಒಳಗೆ ಹಿಂಡಿಬಂದ ಸಿಲಿಕೋನ್ ಕ್ಯಾಮ್‌ಶಾಫ್ಟಿಗೆ ಆಯಿಲ್ ಒಯ್ಯುವ ಸಣ್ಣ ರಂಧ್ರವನ್ನು ಮುಚ್ಚಿಬಿಡಲೂಬಹುದು. ಆದ್ದರಿಂದ ತಯಾರಕರ ಕೈಪಿಡಿ ಇಂಥ ಕಡೆ ಒಂದು ಬೊಟ್ಟು ಇಡಿ ಎಂದು ಸ್ಪಷ್ಟವಾಗಿ ಹೇಳಿರದಿದ್ದರೆ ಇದನ್ನು ಒಣದಾಗಿಯೇ ಕೂರಿಸಬೇಕು.

ಭದ್ರತೆ ಬೇಕೆಂದರೆ ಆ ಶ್ರಮವನ್ನು ಮೇಲ್ಮೈಗಳ ಮೇಲೆ ಹಾಕಲು ಹೇಳಿ. ನಿಮ್ಮ ಕಾರಿನ ಹೆಡ್ ಅಲ್ಯೂಮಿನಿಯಮ್, ಬ್ಲಾಕ್ ಎರಕದ ಕಬ್ಬಿಣ. ಒಮ್ಮೆ ಅತಿಯಾಗಿ ಬಿಸಿಯಾದರೂ ಹೆಡ್ ಬಾಗುವ ಸಾಧ್ಯತೆ ಇರುತ್ತದೆ. ನೇರವಾದ ಉಕ್ಕಿನ ಪಟ್ಟಿಯನ್ನು ಹೆಡ್ ಮೇಲೆ ಉದ್ದಕ್ಕೂ ಮೂಲೆಯಿಂದ ಮೂಲೆಗೂ ಇಟ್ಟು, ಅಡಿಯಲ್ಲಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿ) ತೂರಿಸಿ ನೋಡಬೇಕು. ಇಂಥ ಸಣ್ಣ ಎಂಜಿನ್‌ಗಳಲ್ಲಿ 0.05 ಮಿಲಿಮೀಟರಿಗಿಂತ ಹೆಚ್ಚಿನ ಸಂದು ಕಂಡರೆ ಹೆಡ್ಡನ್ನು ಫೇಸಿಂಗ್‌ಗೆ, ಅಂದರೆ ಯಂತ್ರದಲ್ಲಿ ಮಟ್ಟ ಮಾಡಿಸಲು ಕಳುಹಿಸಬೇಕೇ ಹೊರತು ಸೀಲಂಟಿನಿಂದ ಆ ಸಂದನ್ನು ತುಂಬಲು ಹೋಗಬಾರದು. ಹಳೆಯ ಗ್ಯಾಸ್ಕೆಟಿನ ಚೂರುಗಳನ್ನು ಮರದ ಅಥವಾ ಪ್ಲಾಸ್ಟಿಕ್ ಚಕ್ಕೆಯಿಂದ ಕೆರೆದು ತೆಗೆಯುವುದು ಒಳ್ಳೆಯದು. ಗ್ರೈಂಡರಿಗೆ ಎಮರಿ ಡಿಸ್ಕ್ ಹಾಕಿ ಉಜ್ಜಿದರೆ ಮೇಲ್ಮೈಯಲ್ಲಿ ತಗ್ಗು ಬೀಳುವುದಲ್ಲದೆ, ಆ ಪುಡಿ ಆಯಿಲಿನೊಳಗೆ ಸೇರಿ ಬೇರಿಂಗುಗಳನ್ನು ಸವೆಸುತ್ತದೆ. ಬೋಲ್ಟಿನ ಕುರುಡು ರಂಧ್ರಗಳಲ್ಲಿ ಆಯಿಲ್ ಅಥವಾ ನೀರು ನಿಂತಿರಬಾರದು, ಏಕೆಂದರೆ ಬೋಲ್ಟ್ ಇಳಿಯುವಾಗ ದ್ರವಕ್ಕೆ ಹೊರಬರಲು ದಾರಿಯಿಲ್ಲದೆ ಬ್ಲಾಕ್ ಬಿರುಕು ಬಿಟ್ಟೀತು. ಕೊನೆಗೆ ನಡುವಿನಿಂದ ಅಂಚಿನ ಕಡೆಗೆ, ಎರಡು ಮೂರು ಹಂತಗಳಲ್ಲಿ, ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು.

ಟ್ಯಾಪೆಟ್ ಕವರ್ ಮತ್ತೆ ಸೋರುತ್ತಿರುವುದಕ್ಕೆ ಆ ಧಾರಾಳತನವೇ ಕಾರಣವಿರಬಹುದು. ಹಸಿ ಸಿಲಿಕೋನ್ ರಬ್ಬರಿನ ಮೇಲೆ ಜಾರುಬಂಡಿಯಂತೆ ವರ್ತಿಸುತ್ತದೆ. ಬೋಲ್ಟ್ ಬಿಗಿದಂತೆಲ್ಲ ಗ್ಯಾಸ್ಕೆಟ್ ತನ್ನ ಜಾಗದಿಂದ ಹೊರಕ್ಕೆ ಸರಿಯುತ್ತದೆ. ಕವರಿನಲ್ಲಿ ಗ್ಯಾಸ್ಕೆಟ್ ಕೂರುವ ತೋಡನ್ನು ಸ್ವಚ್ಛವಾಗಿ ಒರೆಸಿ ರಬ್ಬರನ್ನು ಒಣದಾಗಿ ಕೂರಿಸಿದರೆ ಸಾಕು. ಹೆಡ್ಡಿನ ಅಂಚು ಅರ್ಧಚಂದ್ರಾಕಾರಕ್ಕೆ ತಿರುಗುವ ಮೂಲೆಗಳಿದ್ದಲ್ಲಿ ಮಾತ್ರ ಅವರೆಕಾಳಿಗಿಂತ ಚಿಕ್ಕದಾದ ಬೊಟ್ಟು ಬೇಕಾಗುತ್ತದೆ. ಹಾಗೆಯೇ ಪಿಸಿವಿ ವಾಲ್ವ್ (ಎಂಜಿನ್ನಿನೊಳಗಿನ ಗಾಳಿಯನ್ನು ಹೊರಬಿಡುವ ಕವಾಟ) ಕಟ್ಟಿಕೊಂಡಿದೆಯೇ ಎಂಬುದನ್ನೂ ಪರೀಕ್ಷಿಸಿ. ಎಂಜಿನ್ನಿನೊಳಗಿನ ಗಾಳಿಗೆ ಹೊರದಾರಿ ಇಲ್ಲದಿದ್ದರೆ ಎಂಥ ಹೊಸ ಗ್ಯಾಸ್ಕೆಟನ್ನೂ ಒತ್ತಿಕೊಂಡು ಆಯಿಲ್ ಹೊರಬರುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳಲೇಬೇಕು. ಕವರಿನ ಹೊರಗೆ ಎಷ್ಟು ಸಿಲಿಕೋನ್ ಹಿಂಡಿ ನಿಂತಿದೆಯೋ ಸುಮಾರು ಅಷ್ಟೇ ಒಳಗೂ ನಿಂತಿರುತ್ತದೆ. ಅದು ಎಳೆಎಳೆಯಾಗಿ ಕಳಚಿ ಎಂಜಿನ್ನಿನ ತಳದಲ್ಲಿರುವ ಆಯಿಲ್ ಚೇಂಬರಿಗೆ ಇಳಿದು ಪಂಪಿನ ಜಾಲರಿಗೆ ಅಂಟಿಕೊಂಡರೆ ಬೇರಿಂಗುಗಳಿಗೆ ಆಯಿಲ್ ತಲುಪುವುದಿಲ್ಲ. ನೂರಿನ್ನೂರು ರೂಪಾಯಿಯ ಟ್ಯೂಬಿನಿಂದ ಕ್ರ್ಯಾಂಕ್‌ಶಾಫ್ಟ್ ಹಾಳಾದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಿಮ್ಮ ಕಾರಿನ ಕವರನ್ನು ಬಿಚ್ಚಿದಾಗ ಒಳಗಿನ ಎಳೆಗಳನ್ನೆಲ್ಲ ಹೆಕ್ಕಿ ತೆಗೆಸಿ. ಆಯಿಲ್ ಪ್ರೆಷರ್ ದೀಪ ಒಮ್ಮೆ ಮಿನುಗಿದರೂ ಎಂಜಿನ್ ನಿಲ್ಲಿಸಿ, ಚೇಂಬರನ್ನು ಇಳಿಸಿ ಜಾಲರಿಯನ್ನು ನೋಡಿಸಿ.

ಪ್ರಶ್ನೆ: ಆಯಿಲ್ ಚೇಂಬರ್ ಬಿಚ್ಚಿದಾಗ ಗ್ಯಾಸ್ಕೆಟ್ಟೇ ಇರಲಿಲ್ಲ, ಬರೀ ಗೋಂದಿನಂಥ ಪದರವಿತ್ತು. ಕಾರ್ಕ್ ಗ್ಯಾಸ್ಕೆಟ್ ಕತ್ತರಿಸಿ ಹಾಕಬಹುದೇ?
– ಓದುಗರೊಬ್ಬರು, ರಾಯಚೂರು

ಉತ್ತರ: ಬೇಡ. ಅಂಬಾಸಡರ್ ಕಾಲದಲ್ಲಿ ಕಾರ್ಕಿಗೆ ಶೆಲಾಕ್ ಅಂದರೆ ಅರಗಿನ ದ್ರಾವಣ ಬಳಿದು ಕೂರಿಸುತ್ತಿದ್ದರು. ಆ ಎಂಜಿನ್ನಿಗೆ ಅದು ಸರಿಯಾಗಿತ್ತು. ಈಗಿನ ಅನೇಕ ಎಂಜಿನ್‌ಗಳಲ್ಲಿ ಸಿಲಿಕೋನೇ ಗ್ಯಾಸ್ಕೆಟ್. ಎರಡೂ ಮೇಲ್ಮೈಗಳನ್ನು ಥಿನ್ನರಿನಿಂದ ಜಿಡ್ಡಿಲ್ಲದಂತೆ ಒರೆಸಿ, ಬೋಲ್ಟ್ ರಂಧ್ರಗಳ ಒಳಬದಿಯಿಂದ ಸುಮಾರು 3 ಮಿಲಿಮೀಟರ್ ದಪ್ಪದ, ಎಲ್ಲೂ ತುಂಡಾಗದ ಒಂದೇ ಎಳೆ ಎಳೆಯಿರಿ. ಮೇಲ್ಪದರ ಒಣಗುವ ಮುನ್ನ, ಅಂದರೆ ಹತ್ತು ನಿಮಿಷದೊಳಗೆ ಚೇಂಬರನ್ನು ಕೂರಿಸಿಬಿಡಬೇಕು. ಈ ಸೀಲಂಟ್ ಗಾಳಿಯ ತೇವವನ್ನು ಹೀರಿಕೊಂಡು ಗಟ್ಟಿಯಾಗುವಂಥದ್ದು. ಕರಾವಳಿಯ ಮಳೆಗಾಲದಲ್ಲಿ ಬೇಗ ಆಗುವ ಕೆಲಸ ನಿಮ್ಮ ಕಡೆಯ ಒಣ ಬೇಸಿಗೆಯಲ್ಲಿ ನಿಧಾನವಾಗುತ್ತದೆ. ಹಾಗಾಗಿ 24 ಗಂಟೆ ಬಿಟ್ಟು ಆಯಿಲ್ ತುಂಬಿ. ಕೊಳ್ಳುವಾಗ, ಹೊಗೆಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರಿಗೆ ಹಾನಿ ಮಾಡದ್ದೆಂದು ಟ್ಯೂಬಿನ ಮೇಲೆ ಬರೆದಿರುವುದನ್ನೇ ಆರಿಸಿ. ವಿನೆಗರಿನಂತೆ ಹುಳಿ ವಾಸನೆ ಬರುವ, ಕಿಟಕಿ ಗಾಜಿಗೆ ಬಳಸುವ ಸಿಲಿಕೋನ್ ಲೋಹಕ್ಕೆ ತುಕ್ಕು ಹಿಡಿಸುತ್ತದೆ.

ಪ್ರಶ್ನೆ: ಹಳೆಯ ಓಮ್ನಿಯ ಕಾರ್ಬ್ಯುರೇಟರಿನಿಂದ ಪೆಟ್ರೋಲ್ ಜಿನುಗುತ್ತಿದೆ. ಸಿಲಿಕೋನ್ ಹಚ್ಚಲೇ?
– ಓದುಗರೊಬ್ಬರು, ಶಿರಸಿ

ಉತ್ತರ: ಹಚ್ಚಬೇಡಿ. ಸಿಲಿಕೋನ್ ಪೆಟ್ರೋಲಿನಲ್ಲಿ ಉಬ್ಬಿ ಮೆತ್ತಗಾಗುತ್ತದೆ, ಅದರ ಚೂರು ಪೆಟ್ರೋಲ್ ಹಾಯುವ ಸಣ್ಣ ರಂಧ್ರವಾದ ಜೆಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಹೊಸ ಗ್ಯಾಸ್ಕೆಟ್ ಕಿಟ್ ತಂದು ಒಣದಾಗಿ ಹಾಕಿಸಿ. ಎಂಜಿನ್ನಿನ ಬಿಸಿಗೆ ಪೆಟ್ರೋಲ್ ಹೊತ್ತಿಕೊಳ್ಳುವ ಅಪಾಯವಿರುವುದರಿಂದ ಅದುವರೆಗೆ ಗಾಡಿಯನ್ನು ಓಡಿಸಬೇಡಿ.